ಕರುಳಿನ ಕ್ಯಾನ್ಸರ್ ಆದ ಮೇಲೆ ಅಪ್ಪ ರಾತ್ರಿ ಊಟ ಬಿಟ್ಟು ತೂಕ ಇಳಿಸುತ್ತಿದ್ದಾರೆ, ಇದು ಸರೀನಾ?

ದಯವಿಟ್ಟು ಇವತ್ತು ರಾತ್ರಿಯಿಂದಲೇ ಅವರಿಗೆ ಊಟ ಬಡಿಸಿ. ಮಿಕ್ಕಿದ್ದನ್ನು ಆಮೇಲೆ ಓದಿ.

ಅಪ್ಪನಿಗೆ 61 ವರ್ಷ, ಮೂರನೇ ಹಂತದ ದೊಡ್ಡ ಕರುಳಿನ ಕ್ಯಾನ್ಸರ್, ಆಪರೇಷನ್ ಆಗಿ ಕೀಮೋ ಮುಗಿದು ನಾಲ್ಕು ತಿಂಗಳು ಎಂದು ಬರೆದಿದ್ದೀರಿ. 84 ಕೆಜಿ ಇದ್ದವರು 76ಕ್ಕೆ ಬಂದಿದ್ದಾರೆ. ‘ದಪ್ಪ ಇದ್ದರೆ ಕ್ಯಾನ್ಸರ್ ಮತ್ತೆ ಬರುತ್ತೆ’ ಅಂತ ಯಾರೋ ಹೇಳಿದ್ದಕ್ಕೆ ಇನ್ನೂ ಇಳಿಸಲು ಹೊರಟಿದ್ದಾರೆ. ನಾನು ಡಾಕ್ಟರ್ ಅಲ್ಲ. 2018ರಲ್ಲಿ ಇದೇ ಕಾಯಿಲೆ ನನಗೂ ಬಂತು. ಬಲಗಡೆಯ ಕರುಳು ತೆಗೆದರು, ಆಮೇಲೆ ಆರು ತಿಂಗಳು ಕೀಮೋ. ನಿಮ್ಮ ಅಪ್ಪ ಮಾಡುತ್ತಿರುವುದನ್ನೇ ನಾನೂ ಮಾಡಿದ್ದೆ.

ಕೀಮೋ ನಡೆಯುವಾಗ ತಣ್ಣೀರು ಮುಟ್ಟಿದರೆ ಬೆರಳಿಗೆ ಸೂಜಿ ಚುಚ್ಚಿದ ಹಾಗಾಗುತ್ತಿತ್ತು. ಫ್ರಿಜ್ಜಿನ ಮೊಸರು ಗಂಟಲಲ್ಲಿ ಇಳಿಯುತ್ತಿರಲಿಲ್ಲ. ಹಾಗೇ 11 ಕೆಜಿ ಇಳಿದೆ. ನೋಡಿದವರೆಲ್ಲ ‘ಸಣ್ಣ ಆಗಿದ್ದೀರಿ, ಒಳ್ಳೇದೇ ಆಯ್ತು’ ಎಂದರು. ನಾನೂ ನಂಬಿ, ಬ್ಲೌಸ್‌ಗಳನ್ನೆಲ್ಲ ಬಿಗಿ ಮಾಡಿಸಿಕೊಂಡು, ಅನ್ನವನ್ನೂ ಬಿಟ್ಟೆ. ಆಮೇಲೆ ಒಂದು ಗೃಹಪ್ರವೇಶದಲ್ಲಿ ಪಂಕ್ತಿಯಲ್ಲಿ ಕೂತು ಉಂಡೆ, ಏಳೋಕೆ ಆಗಲಿಲ್ಲ. ಪಕ್ಕದ ಎಲೆಯಲ್ಲಿದ್ದ ನಾದಿನಿ ತೋಳು ಹಿಡಿದು ಎಬ್ಬಿಸಿದಳು. ಕೊಬ್ಬಿನ ಜೊತೆ ತೊಡೆಯ ಶಕ್ತಿಯೂ ಕರಗಿ ಹೋಗಿತ್ತು.

ದಪ್ಪಕ್ಕೂ ಈ ಕಾಯಿಲೆಗೂ ನಂಟು ಇದೆ, ಸುಳ್ಳಲ್ಲ. ಬೊಜ್ಜಿದ್ದವರಿಗೆ ಕರುಳಿನ ಕ್ಯಾನ್ಸರ್ ಬರುವ ಸಾಧ್ಯತೆ ಜಾಸ್ತಿ. ಆದರೆ ಬಂದ ಮೇಲಿನ ಲೆಕ್ಕ ಬೇರೆ. ತೀರಾ ದಪ್ಪ ಇದ್ದವರಿಗೂ ತೀರಾ ಸಣಕಲು ಇದ್ದವರಿಗೂ ಕಷ್ಟ. ಸ್ವಲ್ಪ ಮೈಕೈ ತುಂಬಿಕೊಂಡವರು ಬದುಕುಳಿಯುವುದರಲ್ಲಿ ಅಷ್ಟೇನೂ ಹಿಂದೆ ಬಿದ್ದಿಲ್ಲ. ಕ್ಯಾಲಿಫೋರ್ನಿಯಾದಲ್ಲಿ 3,000ಕ್ಕೂ ಹೆಚ್ಚು ರೋಗಿಗಳ ಸಿಟಿ ಸ್ಕ್ಯಾನ್‌ನಲ್ಲಿ ಸ್ನಾಯು ಎಷ್ಟಿದೆ ಎಂದು ಅಳೆದು ನೋಡಿದರು, 2017ರಲ್ಲಿ ಅದು ಪ್ರಕಟವಾಯಿತು. ಸ್ನಾಯು ಕಡಿಮೆ ಇದ್ದವರಲ್ಲಿ ಸಾವು ಜಾಸ್ತಿ ಇತ್ತು. ತಕ್ಕಡಿ ಇದನ್ನು ತೋರಿಸುವುದಿಲ್ಲ ಅಲ್ವಾ? ಅಪ್ಪನಿಗೆ ಕುರ್ಚಿಯಲ್ಲಿ ಕೂತು, ಕೈ ಊರದೆ ಐದು ಸಲ ಎದ್ದು ಕೂರೋಕೆ ಹೇಳಿ. ನೀವು ಪಕ್ಕದಲ್ಲೇ ನಿಂತಿರಿ. ನನಗೆ ಮೂರನೇ ಸಲಕ್ಕೇ ಕಾಲು ನಡುಗಿತ್ತು.

ಅವರ 8 ಕೆಜಿ ಅಂದರೆ ಮೊದಲಿದ್ದ ತೂಕದ ಹತ್ತರಲ್ಲಿ ಒಂದು ಪಾಲಿನಷ್ಟು. ಅದರಲ್ಲಿ ಎಷ್ಟು ಊಟ ಬಿಟ್ಟು ಇಳಿದದ್ದು, ಎಷ್ಟು ತಾನಾಗೇ ಇಳಿದದ್ದು? ತಾನಾಗೇ ಇಳಿಯುತ್ತಿದ್ದರೆ ಮುಂದಿನ ಚೆಕಪ್‌ವರೆಗೆ ಕಾಯಬೇಡಿ, ಈ ವಾರವೇ ಡಾಕ್ಟರಿಗೆ ಹೇಳಿ.

ಊಟದ ಬಗ್ಗೆ ಎಲ್ಲರೂ ಹೇಳುವುದು 2007ರ ಅಮೆರಿಕದ ಒಂದು ಅಧ್ಯಯನ. ಮೂರನೇ ಹಂತದ ಸುಮಾರು 1,000 ಜನರಲ್ಲಿ ಕೆಂಪು ಮಾಂಸ, ಕರಿದದ್ದು, ಮೈದಾ, ಸಿಹಿ ಜಾಸ್ತಿ ತಿಂದವರಿಗೆ ಕಾಯಿಲೆ ಮರಳಿದ್ದು ಹೆಚ್ಚು. ಅದು ನಂಟು ತೋರಿಸುತ್ತದೆ, ಅದೇ ಕಾರಣ ಎಂದು ಸಾಬೀತು ಮಾಡುವುದಿಲ್ಲ. ಆದರೂ ನಾನು ಬೇಕರಿ ಪಫ್ಸ್, ಬಾಟಲಿ ಜ್ಯೂಸ್ ಬಿಟ್ಟೆ. ಅನ್ನ ಮತ್ತೆ ಶುರು ಮಾಡಿದೆ. ನಮ್ಮ ಮನೆಗಳಲ್ಲಿ ಮುದ್ದೆ ದೊಡ್ಡದು, ಸಾರು ನೀರು. ಅದನ್ನು ತಿರುಗಿಸಿ. ಮುದ್ದೆ ಚಿಕ್ಕದಿರಲಿ, ಮೊಳಕೆ ಹುರುಳಿ ಸಾರಿನಲ್ಲಿ ಕಾಳು ತುಂಬಿರಲಿ. ಎರಡು ಮೊಟ್ಟೆಯಲ್ಲಿ ಸುಮಾರು 12 ಗ್ರಾಂ ಪ್ರೋಟೀನ್ ಸಿಗುತ್ತದೆ. ಅವರ ತೂಕಕ್ಕೆ ದಿನಕ್ಕೆ ಕನಿಷ್ಠ 76 ಗ್ರಾಂ ಬೇಕು. ಕಿಡ್ನಿ ತೊಂದರೆ ಇದ್ದರೆ ಡಾಕ್ಟರನ್ನು ಕೇಳಿಯೇ ಕೊಡಿ.

ನಿಜವಾಗಿ ಧೈರ್ಯ ಕೊಟ್ಟದ್ದು 2025ರಲ್ಲಿ ಬಂದ ಚಾಲೆಂಜ್ ಅಧ್ಯಯನ. ಕೆನಡಾ, ಆಸ್ಟ್ರೇಲಿಯಾದವರು ಮುಂದೆ ನಿಂತು ನಡೆಸಿದ್ದು. ಕೀಮೋ ಮುಗಿಸಿದ 889 ಜನರನ್ನು ಚೀಟಿ ಎತ್ತಿದ ಹಾಗೆ ಎರಡು ಗುಂಪು ಮಾಡಿದರು. ಒಂದು ಗುಂಪಿಗೆ ಮೂರು ವರ್ಷ ಹೇಳಿಕೊಟ್ಟು ವ್ಯಾಯಾಮ ಮಾಡಿಸಿದರು. ಇನ್ನೊಂದಕ್ಕೆ ಆರೋಗ್ಯದ ಪುಸ್ತಿಕೆ ಕೊಟ್ಟರು. ಎಂಟು ವರ್ಷಕ್ಕೆ ವ್ಯಾಯಾಮದ ಗುಂಪಿನಲ್ಲಿ ಶೇ. 90.3 ಜನ ಬದುಕಿದ್ದರು, ಇನ್ನೊಂದರಲ್ಲಿ ಶೇ. 83.2. ಎರಡೂ ಗುಂಪಿನ ತೂಕದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸವೇ ಇರಲಿಲ್ಲ! ಅಪ್ಪನಿಗೆ ಇದನ್ನು ಓದಿ ಹೇಳಿ. ವಾರಕ್ಕೆ ಮೂರ್ನಾಲ್ಕು ದಿನ, 45 ನಿಮಿಷದಿಂದ ಒಂದು ಗಂಟೆ ಬಿರುಸಾಗಿ ನಡೆದರೆ ಹೆಚ್ಚುಕಮ್ಮಿ ಆ ಗುಂಪಿನ ವ್ಯಾಯಾಮದ ಗುರಿಯಷ್ಟೇ ಆಗುತ್ತದೆ. ನಾನು ಶುರು ಮಾಡಿದಾಗ ಹತ್ತು ನಿಮಿಷಕ್ಕೇ ಸುಸ್ತಾಗುತ್ತಿತ್ತು. ಹತ್ತೇ ಸಾಕು ಮೊದಲಿಗೆ.

ಅಂದ ಹಾಗೆ, ಅವರ ಹೊಟ್ಟೆ ಮೇಲೆ ಸ್ಟೋಮಾ ಬ್ಯಾಗ್, ಅಂದರೆ ಆಪರೇಷನ್‌ನಲ್ಲಿ ಕರುಳನ್ನು ಹೊಟ್ಟೆಯಿಂದ ಹೊರಗೆ ತಂದು ಮಲ ಹಿಡಿಯಲು ಅಂಟಿಸುವ ಚೀಲ, ಇದೆಯಾ? ನೀವು ಬರೆದಿಲ್ಲ. ಇದ್ದರೆ ಕಾಳು, ಸೊಪ್ಪು, ನಾರಿನ ತರಕಾರಿ ಒಮ್ಮೆಲೇ ಜಾಸ್ತಿ ಕೊಡಬೇಡಿ, ಕಟ್ಟಿಕೊಳ್ಳಬಹುದು. ಅದು ತಿಳಿಸಿ, ಏನು ಅಡುಗೆ ಮಾಡಬಹುದು ಅಂತ ಮತ್ತೆ ಬರೆಯುತ್ತೇನೆ.