1.10 ಹಳೆಯದಲ್ಲ, ಮಹಾರಾಯರೇ!

ಪ್ರಶ್ನೆ: ನಾವು ಬಳಸುವ ಲೈಬ್ರರಿ (ಬೇರೆಯವರು ಬರೆದಿಟ್ಟ ಸಿದ್ಧ ಕೋಡು) 1.9ನೇ ಆವೃತ್ತಿಯಲ್ಲಿದೆ. ಈಗ 1.10ಕ್ಕೆ ಅಪ್‌ಡೇಟ್ ಮಾಡಿ ಅನ್ನುತ್ತಿದೆ. ಅದು 1.1 ತಾನೇ? ಹಿಂದಕ್ಕೆ ಯಾಕೆ ಹೋಗಬೇಕು?

ಈ ಪ್ರಶ್ನೆ ಬಾರದ ತಿಂಗಳಿಲ್ಲ. ಅಲ್ಲಿರುವುದು ದಶಮಾಂಶದ ಚುಕ್ಕೆಯಲ್ಲ. ಪುಸ್ತಕದಲ್ಲಿ 1.9ನೇ ವಿಭಾಗದ ನಂತರ 1.10 ಬಂದರೆ ತಕರಾರಿಲ್ಲದೆ ಓದುತ್ತೀರಲ್ಲ, ಇದೂ ಹಾಗೆಯೇ. ಎಡದಿಂದ ಒಂದೊಂದೇ ಭಾಗವನ್ನು ಪೂರ್ಣಾಂಕವಾಗಿ ಹೋಲಿಸಿ. ಒಂದಕ್ಕೆ ಒಂದು ಸಮ. ಒಂಬತ್ತಕ್ಕಿಂತ ಹತ್ತು ದೊಡ್ಡದು. ಮುಗಿಯಿತು.

ನೀವು ಎಡವಿದರೆ ಹೋಗಲಿ, ನೀವು ಬರೆದ ಕೋಡೂ ಇಲ್ಲೇ ಎಡವುತ್ತದೆ. 2021ರಲ್ಲಿ ಪೈಥಾನ್ ಭಾಷೆಯ 3.10 ಬಂದಾಗ, ಸೆಟ್ಟಿಂಗ್‌ಗಳನ್ನು ಬರೆದಿಡುವ ಯಾಮಲ್ ಫೈಲಿನಲ್ಲಿ ಕೋಟ್ಸ್ ಹಾಕದೆ 3.10 ಎಂದು ಬರೆದರೆ ಅದು 3.1 ಆಗುತ್ತಿತ್ತು. ಆವೃತ್ತಿಯ ಮೊದಲ ಮೂರು ಅಕ್ಷರ ಕತ್ತರಿಸಿ ಓದುವ ಸ್ಕ್ರಿಪ್ಟ್‌ಗಳಿಗೂ ಸಿಕ್ಕಿದ್ದು ಅದೇ 3.1. ಸ್ಟ್ರಿಂಗ್ ಆಗಿ, ಅಂದರೆ ಅಕ್ಷರಕ್ಕೆ ಅಕ್ಷರ ಹೋಲಿಸಿದರಂತೂ 1.10 ಹೋಗಿ 1.9ರ ಹಿಂದೆ ನಿಲ್ಲುತ್ತದೆ. ದಯವಿಟ್ಟು ಕೋಟ್ಸ್ ಹಾಕಿ, ಹೋಲಿಕೆಗೆ ಸ್ವಂತ ಪಾಂಡಿತ್ಯ ಬೇಡ: ಪೈಥಾನ್‌ಗೆ ‘ಪ್ಯಾಕೇಜಿಂಗ್’, ಜಾವಾಸ್ಕ್ರಿಪ್ಟ್‌ಗೆ ‘ಸೆಮ್ವರ್’ ಎಂಬ ಲೈಬ್ರರಿಗಳು ಇವೆ. 1.10.0ರ ಜೊತೆ ಅಡ್ಡಗೆರೆ ಹಾಕಿ ‘ಆರ್‌ಸಿ’ (ರಿಲೀಸ್ ಕ್ಯಾಂಡಿಡೇಟ್, ಬಿಡುಗಡೆಗೆ ಮುಂಚಿನ ಪರೀಕ್ಷಾ ಆವೃತ್ತಿ) ಎಂದಿದ್ದರೆ ಅದು 1.10.0ಕ್ಕಿಂತ ಮೊದಲಿನದು ಎಂಬುದೂ ಅವಕ್ಕೆ ಗೊತ್ತು.

ಅಪ್‌ಡೇಟ್ ಮಾಡಬೇಕೇ? ಆವೃತ್ತಿಗೆ 1.10.0ರಂತೆ ಮೂರು ಸಂಖ್ಯೆ ಕೊಡುವ ಸೆಮ್ಯಾಂಟಿಕ್ ವರ್ಷನಿಂಗ್ ಎಂಬ ನಿಯಮಾವಳಿಯ ಪ್ರಕಾರ ನಡುವಿನ ಸಂಖ್ಯೆ ಏರಿದರೆ ಹೊಸ ಸೌಲಭ್ಯ ಸೇರಿದೆ, ಹಳೆಯದು ಮುರಿದಿಲ್ಲ ಎಂದರ್ಥ. ಆದರೆ ಅದು ಮನುಷ್ಯರು ಕೊಟ್ಟ ಮಾತು. ಕೊನೆಯ ಸಂಖ್ಯೆ ಮಾತ್ರ ಏರಿದ್ದರೂ, ಹಳೆಯ ಬಗ್ಗನ್ನೇ ನಂಬಿ ಬರೆದ ಕೋಡು ಆ ಬಗ್ಗು ಸರಿಯಾದ ದಿನ ಮುಗ್ಗರಿಸುತ್ತದೆ. ನಾನಂತೂ ಚೇಂಜ್‌ಲಾಗ್ (ಬದಲಾವಣೆಗಳ ಪಟ್ಟಿ) ಓದದೆ, ಟೆಸ್ಟ್ ಓಡಿಸದೆ ಪ್ರೊಡಕ್ಷನ್ (ಜನ ಬಳಸುತ್ತಿರುವ ವ್ಯವಸ್ಥೆ) ಮುಟ್ಟುವುದಿಲ್ಲ.

ಪ್ರಶ್ನೆ: 0.8 ಆವೃತ್ತಿಯ ಲೈಬ್ರರಿಯನ್ನು ನಂಬಬಹುದೇ?

ಮೊದಲ ಅಂಕಿ ಸೊನ್ನೆಯಿದ್ದರೆ ಯಾವಾಗ ಏನು ಬೇಕಾದರೂ ಬದಲಾದೀತು ಎಂದು ಸೆಮ್ಯಾಂಟಿಕ್ ವರ್ಷನಿಂಗ್ ನಿಯಮದಲ್ಲೇ ಬರೆದಿದೆ.

ಪ್ರಶ್ನೆ: ಲಿನಕ್ಸ್ ಕರ್ನಲ್ (ಆಪರೇಟಿಂಗ್ ಸಿಸ್ಟಂನ ತಿರುಳು) 6ರಲ್ಲಿ ಎಲ್ಲವನ್ನೂ ಹೊಸದಾಗಿ ಬರೆದಿದ್ದಾರಂತೆ?

ಇಲ್ಲ. 2022ರಲ್ಲಿ 5.19 ಆದಮೇಲೆ, ಚುಕ್ಕೆಯ ಆಚಿನ ಸಂಖ್ಯೆ ದೊಡ್ಡದಾಯಿತೆಂದು ಅದರ ಜನಕ ಲಿನಸ್ ಟೊರ್ವಾಲ್ಡ್ಸ್ 6.0 ಅಂದರು, ಅಷ್ಟೇ.

ಪ್ರಶ್ನೆ: ಉಬುಂಟು 24.03 ಎಲ್ಲಿ ಸಿಗುತ್ತದೆ?

ಎಲ್ಲೂ ಇಲ್ಲ. ಈ ಲಿನಕ್ಸ್ ಆಪರೇಟಿಂಗ್ ಸಿಸ್ಟಂನ ಆವೃತ್ತಿ ಸಂಖ್ಯೆಯೇ ಬಿಡುಗಡೆಯಾದ ವರ್ಷ, ತಿಂಗಳು: 24.04 ಎಂದರೆ 2024ರ ಏಪ್ರಿಲ್.

ಪ್ರಶ್ನೆ: ಏನೇ ತೊಂದರೆ ಬಂದರೂ ಲಾಕ್ ಫೈಲ್ (ಯಾವ ಪ್ಯಾಕೇಜಿನ ಯಾವ ಆವೃತ್ತಿ ಎಂದು ಬರೆದಿಟ್ಟ ಫೈಲು) ಅಳಿಸಿ ಎಂದು ಒಂದು ವಿಡಿಯೊದಲ್ಲಿ ಹೇಳಿದರು.

ಇಂಥ ನಾಟಿ ವೈದ್ಯ ಮಾಡುವವರನ್ನು ಕಂಡರೆ ನನಗೆ ಆಗುವುದಿಲ್ಲ. ಜಾವಾಸ್ಕ್ರಿಪ್ಟ್ ಪ್ಯಾಕೇಜುಗಳನ್ನು ತಂದು ಹಾಕುವ ಎನ್‌ಪಿಎಂನಲ್ಲಿ ^1.9.0 ಎಂದು ಬರೆದಿದ್ದರೆ 1.9.0ರಿಂದ ಹಿಡಿದು 2.0.0ಕ್ಕಿಂತ ಕೆಳಗಿನ ಯಾವುದು ಬಂದರೂ ಒಪ್ಪಿಗೆ ಎಂದರ್ಥ. ಲಾಕ್ ಫೈಲ್ ಅಳಿಸಿ ಹೊಸದಾಗಿ ಇನ್‌ಸ್ಟಾಲ್ ಮಾಡಿದಿರೋ, ಹತ್ತಾರು ಪ್ಯಾಕೇಜುಗಳು ಒಟ್ಟಿಗೇ ಮೇಲೇರುತ್ತವೆ. ಆಮೇಲೆ ಯಾವುದು ಕೈಕೊಟ್ಟಿತೆಂದು ಆ ವಿಡಿಯೊದವರನ್ನೇ ಕೇಳಿ.