ನಾಲ್ಕರಲ್ಲಿ ಮಾತ್ರ ಗಾಳಿ: ಬ್ಲೋವರ್ ರೆಸಿಸ್ಟರ್ ನೋಡಿ

ಕಾರಿನ ಎಸಿ ಫ್ಯಾನ್ ಒಂದು, ಎರಡು, ಮೂರನೇ ಸ್ಪೀಡಿನಲ್ಲಿ ತಿರುಗುವುದಿಲ್ಲ, ನಾಲ್ಕರಲ್ಲಿ ಮಾತ್ರ ಜೋರಾಗಿ ಬರುತ್ತದೆ ಅಂದಿದ್ದೀರಿ ಅಲ್ವಾ? ಬಹುತೇಕ ಬ್ಲೋವರ್ ರೆಸಿಸ್ಟರ್, ಅಂದರೆ ಆ ಫ್ಯಾನಿನ (ಬ್ಲೋವರಿನ) ವೇಗ ತಗ್ಗಿಸುವ ಭಾಗ, ಸುಟ್ಟಿದೆ. ನಾಲ್ಕಕ್ಕೆ ಕರೆಂಟ್ ಅದರೊಳಗೆ ಹೋಗದೆ ನೇರ ಮೋಟಾರಿಗೆ ಹೋಗುತ್ತದೆ, ಅದಕ್ಕೇ ಅದೊಂದು ಉಳಿದಿದೆ. ಇದಕ್ಕೂ ಗ್ಯಾಸಿಗೂ ಸಂಬಂಧವಿಲ್ಲ. ಸುಮ್ನೆ ಗ್ಯಾಸ್ ತುಂಬಿಸಬೇಡಿ.

ಗಾಡಿ ಆಫ್ ಮಾಡಿ ಸ್ವಲ್ಪ ಹೊತ್ತು ಬಿಡಿ, ರೆಸಿಸ್ಟರ್ ಕೈ ಸುಡುವಷ್ಟು ಬಿಸಿ ಇರುತ್ತದೆ. ಬ್ಯಾಟರಿಯ ನೆಗೆಟಿವ್ ತೆಗೆಯಿರಿ. ಗ್ಲೋವ್ ಬಾಕ್ಸ್ ಬಿಚ್ಚಿದರೆ ಹೆಚ್ಚಿನ ಕಾರುಗಳಲ್ಲಿ ಬ್ಲೋವರ್ ಪಕ್ಕದಲ್ಲೇ, ಎರಡು ಸ್ಕ್ರೂನಲ್ಲಿ ಕೂತಿರುತ್ತದೆ. ನಿಮ್ಮದರಲ್ಲಿ ಜಾಗ ಬೇರೆ ಇರಬಹುದು. ಕನೆಕ್ಟರ್ ಎಳೆದು ಅದರ ಪಿನ್ ನೋಡಿ. ಕರಗಿದ್ದರೆ ಅದನ್ನೂ ಬದಲಿಸಲೇಬೇಕು, ಇಲ್ಲದಿದ್ದರೆ ಹೊಸದೂ ಸುಡುತ್ತದೆ. ಹಳೆಯ ರೆಸಿಸ್ಟರಿನ ಪಾರ್ಟ್ ನಂಬರ್ ಹೊಂದಿಸಿಯೇ ಹೊಸದು ತನ್ನಿ.

ಕೂರಿಸುವ ಮೊದಲು ಬ್ಲೋವರನ್ನು ಕೈಯಲ್ಲಿ ತಿರುಗಿಸಿ. ಬಿಗಿಯಾಗಿದ್ದರೆ ಮೋಟಾರ್ ಜಾಸ್ತಿ ಕರೆಂಟ್ ಎಳೆಯುತ್ತಿದೆ, ಅದೇ ಮೂಲ ಕಾರಣ. ಕ್ಯಾಬಿನ್ ಫಿಲ್ಟರಿನಲ್ಲಿ ಧೂಳು ಕಟ್ಟಿದ್ದರೆ ಬದಲಿಸಿ, ಗಾಳಿ ತಾಗದಿದ್ದರೆ ರೆಸಿಸ್ಟರ್ ತಣ್ಣಗಾಗುವುದಿಲ್ಲ. ಅದರ ಥರ್ಮಲ್ ಫ್ಯೂಸಿಗೆ (ಜಾಸ್ತಿ ಬಿಸಿಯಾದರೆ ಕರೆಂಟ್ ಕಡಿಯುವ ಫ್ಯೂಸ್) ಮಾತ್ರ ದಯವಿಟ್ಟು ವೈರ್ ಸುತ್ತಬೇಡಿ, ಬೆಂಕಿ ಹತ್ತೀತು.

ಹೊಸದು ಹಾಕಿದ ಮೇಲೂ ಹಾಗೇ ಇದ್ದರೆ ಫ್ಯಾನ್ ಸ್ವಿಚ್ ಪರೀಕ್ಷಿಸಿ.