ಇಂಗ್ಲಿಷ್ ಸಾಹಿತ್ಯ ಚರಿತ್ರೆ: ಒಂದು ಹಕ್ಕಿಯ ಕೂಗಿನಿಂದ ಶುರು ಮಾಡಿ

ಪ್ರಶ್ನೆ: ಮೇಡಂ, ನಾನು ಹತ್ತನೆಯ ತರಗತಿವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದವಳು. ಬಿ.ಎ.ಯಲ್ಲಿ ಐಚ್ಛಿಕ ಇಂಗ್ಲಿಷ್ ತೆಗೆದುಕೊಂಡು ಈಗ ಎಂ.ಎ. ಮೊದಲ ಸೆಮಿಸ್ಟರ್‌ನಲ್ಲಿದ್ದೇನೆ. ಸಾಹಿತ್ಯ ಚರಿತ್ರೆಯ ಪತ್ರಿಕೆ ನನ್ನನ್ನು ಹೆದರಿಸಿಬಿಟ್ಟಿದೆ. ಬೇವುಲ್ಫ್‌ನಿಂದ ಎಲಿಯಟ್‌ವರೆಗೆ ಬರೀ ಹೆಸರು, ಇಸವಿ, ಯುಗ, ಲಕ್ಷಣ. ಬಾಯಿಪಾಠ ಮಾಡುತ್ತೇನೆ, ವಾರ ಕಳೆಯುವುದರೊಳಗೆ ಎಲ್ಲ ಕಲಸುಮೇಲೋಗರ. ಕಾನ್ವೆಂಟಿನಲ್ಲಿ ಓದಿದ ಸಹಪಾಠಿಗಳ ಎದುರು ಬಾಯಿ ಬಿಡಲೂ ಸಂಕೋಚ. ಎಲ್ಲಿಂದ ಶುರು ಮಾಡಲಿ?
– ವಿದ್ಯಾರ್ಥಿನಿ, ಹಾವೇರಿ ಜಿಲ್ಲೆ

ಉತ್ತರ: ನಿಮಗೆ ಈಗಾಗಲೇ ಗೊತ್ತಿರುವ ಕಡೆಯಿಂದ ಶುರು ಮಾಡಿ. ‘ವಸಂತ ಬಂದ, ಋತುಗಳ ರಾಜ ತಾ ಬಂದ’ ಎಂಬ ಪದ್ಯವನ್ನು ಶಾಲೆಯಲ್ಲಿ ಹಾಡಿರುತ್ತೀರಿ. ಬಿ.ಎಂ.ಶ್ರೀಯವರ ‘ಇಂಗ್ಲಿಷ್ ಗೀತಗಳು’ ಸಂಕಲನದ್ದು. ನುಡಿಯ ಕೊನೆಗೆ ಹಕ್ಕಿಗಳು ಕೂಗುತ್ತವಲ್ಲ, ‘ಕೂವೂ, ಜಗ್ ಜಗ್, ಪುವ್ವೀ, ಟೂವಿಟ್ಟವೂ’ ಎಂದು? ಆ ಸಾಲನ್ನು ಶ್ರೀಯವರು ಅನುವಾದಿಸಲಿಲ್ಲ. ಇಂಗ್ಲೆಂಡಿನ ಹಕ್ಕಿಗಳನ್ನು ಹಾಗೆಯೇ ಕನ್ನಡಕ್ಕೆ ಹಾರಿಬಿಟ್ಟರು. ಜಗ್ ಜಗ್ ಎನ್ನುವುದು ನೈಟಿಂಗೇಲ್. ನಮ್ಮ ಮಕ್ಕಳು ಕಾಣದ ಹಕ್ಕಿಯ ದನಿಯನ್ನು ಅನುಕರಿಸಿ ಹಾಡುತ್ತಾರೆ.

ಈ ಹಾಡಿನ ಮೂಲ ಕವಿ ಥಾಮಸ್ ನ್ಯಾಶ್. ಗೈಡುಗಳಲ್ಲಿ ಅವನಿಗೆ ಒಂದೂವರೆ ಸಾಲು ಸಿಕ್ಕರೆ ಹೆಚ್ಚು. ಇದು ಬಿಡಿ ಕವಿತೆಯಲ್ಲ, ನಾಟಕದೊಳಗಿನ ಹಾಡು. 1592ರಲ್ಲಿ ಲಂಡನ್ನಿನಲ್ಲಿ ಪ್ಲೇಗು ಹಬ್ಬಿ ರಂಗಮಂದಿರಗಳು ಮುಚ್ಚಿದ್ದವು. ಆಗ ಕ್ಯಾಂಟರ್ಬರಿಯ ಆರ್ಚ್‌ಬಿಷಪ್ ಅವರ ಕ್ರಾಯ್ಡನ್ ಅರಮನೆಯಲ್ಲಿ ಈ ನಾಟಕ ನಡೆಯಿತು. ಸಾಯುವ ಹೊತ್ತಿಗೆ ಬಂದ ಬೇಸಿಗೆ ತನ್ನ ಉಯಿಲು ಬರೆಯುವುದೇ ಅದರ ಕಥೆ. ಋತುಗಳು ಒಂದೊಂದಾಗಿ ಬಂದು ಲೆಕ್ಕ ಒಪ್ಪಿಸುತ್ತವೆ, ವಸಂತ ಹಾಡುತ್ತಾ ಬರುತ್ತಾನೆ. ಅದೇ ನಾಟಕದಲ್ಲಿ ಇನ್ನೊಂದು ಹಾಡಿದೆ. ‘ನನಗೆ ರೋಗ ಬಂದಿದೆ, ನಾನು ಸಾಯಲೇಬೇಕು, ದೇವರೇ, ನಮ್ಮ ಮೇಲೆ ಕರುಣೆಯಿಡು’ ಎಂಬುದು ಅದರ ಪಲ್ಲವಿ. ಪ್ಲೇಗು ಹೊಕ್ಕ ಮನೆಗಳ ಬಾಗಿಲ ಮೇಲೆ ಬರೆಯುತ್ತಿದ್ದ ಮಾತೂ ಇದೇ: ದೇವರೇ, ಕರುಣೆಯಿಡು. ನಾವು ಇಷ್ಟು ಸಂತೋಷದಿಂದ ಹಾಡಿದ ಹಾಡು ಸಾವಿನ ಮನೆಯ ಪಕ್ಕದಲ್ಲಿ ಹುಟ್ಟಿದ್ದು ಎಂದು ತಿಳಿದ ದಿನ ನನಗೆ ಆ ಹಕ್ಕಿಗಳ ಕೂಗು ಬೇರೆಯಾಗಿಯೇ ಕೇಳಿತು.

ಈಗ ಮುನ್ನೂರಮೂವತ್ತು ವರ್ಷ ಮುಂದಕ್ಕೆ ಬನ್ನಿ. 1922ರಲ್ಲಿ ಬಂದ ಎಲಿಯಟ್‌ನ ‘ದಿ ವೇಸ್ಟ್ ಲ್ಯಾಂಡ್’ ನಿಮ್ಮ ಪಠ್ಯದಲ್ಲಿ ಇದ್ದೇ ಇರುತ್ತದೆ. ಅದರ ಎರಡನೆಯ ಭಾಗದಲ್ಲಿ ಗೋಡೆಯ ಮೇಲೊಂದು ಚಿತ್ರ: ಅತ್ಯಾಚಾರಕ್ಕೊಳಗಾಗಿ ನೈಟಿಂಗೇಲ್ ಆದ, ಗ್ರೀಕ್ ಪುರಾಣದ ಫಿಲೊಮೆಲಾ. ಅವಳು ಅಳುತ್ತಾಳೆ, ಲೋಕದ ಹೊಲಸು ಕಿವಿಗೆ ಅದು ‘ಜಗ್ ಜಗ್’ ಎಂದು ಕೇಳಿಸುತ್ತದೆ. ಅದೇ ಕೂಗು! ನ್ಯಾಶ್‌ನ ಕಾಲದಲ್ಲಿ ವಸಂತದ ಸಡಗರವಾಗಿದ್ದ ದನಿ ಮಹಾಯುದ್ಧದ ನಂತರದ ಕವಿಯಲ್ಲಿ ಗಾಯವಾಗಿದೆ. ಎಲಿಜಬೆತ್ ಯುಗಕ್ಕೂ ಆಧುನಿಕ ಯುಗಕ್ಕೂ ಏನು ವ್ಯತ್ಯಾಸ ಎಂದು ಪ್ರಶ್ನೆಪತ್ರಿಕೆ ಕೇಳಿದರೆ, ಹತ್ತು ಲಕ್ಷಣಗಳ ಪಟ್ಟಿಗಿಂತ ಈ ಒಂದು ಹಕ್ಕಿ ನಿಮ್ಮ ಕೈಹಿಡಿಯುತ್ತದೆ. ಇದನ್ನು ನೀವು ಮರೆಯುವುದೂ ಇಲ್ಲ.

ನಾನು ಹೇಳಬೇಕಾದದ್ದು ಇಷ್ಟೇ: ಮೊದಲು ಕೃತಿ, ಆಮೇಲೆ ಚರಿತ್ರೆ. ಯುಗದ ಲಕ್ಷಣಗಳನ್ನು ಉರು ಹೊಡೆದು ಕೃತಿಗೆ ಅಂಟಿಸಲು ಹೋದರೆ ನಿಲ್ಲುವುದಿಲ್ಲ. ಒಂದು ಇನ್ನೂರು ಪುಟದ ನೋಟ್‌ಬುಕ್ ತನ್ನಿ. ಸೆಮಿಸ್ಟರ್‌ಗೆ ಹತ್ತೋ ಹನ್ನೆರಡೋ ಕೃತಿ ಆರಿಸಿಕೊಳ್ಳಿ. ಇಡೀ ಕೃತಿ ಸಾಧ್ಯವಾಗದಿದ್ದರೆ ಒಂದು ಹಾಡು, ಒಂದು ದೃಶ್ಯ, ಮೊದಲ ಮೂವತ್ತು ಸಾಲು. ಗಟ್ಟಿಯಾಗಿ ಓದಿ. ನಂತರ ಒಂದೊಂದಕ್ಕೂ ಒಂದು ಪುಟ ಕೊಟ್ಟು, ಇದನ್ನು ಯಾರು ಬರೆದರು ಎಂಬುದರ ಜೊತೆಗೆ ಯಾರು ಕೇಳಿದರು, ಯಾರು ದುಡ್ಡು ಕೊಟ್ಟರು, ಅಚ್ಚಾಯಿತೇ, ಕೈಬರಹದಲ್ಲೇ ಉಳಿಯಿತೇ, ಆ ವರ್ಷ ಊರಿನಲ್ಲಿ ಏನು ನಡೆಯುತ್ತಿತ್ತು ಎಂದು ಬರೆದುಕೊಳ್ಳಿ. ಶೇಕ್ಸ್‌ಪಿಯರ್‌ನ ಪುಟದಲ್ಲಿ 1623 ಎಂದು ದಪ್ಪಕ್ಷರದಲ್ಲಿ ಬರೆಯಿರಿ. ಅವನು ತೀರಿಕೊಂಡು ಏಳು ವರ್ಷಗಳ ಮೇಲೆ ಜೊತೆಯ ನಟರು ಮೂವತ್ತಾರು ನಾಟಕಗಳನ್ನು ಸೇರಿಸಿ ದೊಡ್ಡ ಸಂಪುಟವಾಗಿ ಹೊರತರಿಸಿದ ವರ್ಷವದು. ಅವುಗಳಲ್ಲಿ ಅರ್ಧದಷ್ಟು ಅಲ್ಲಿಯವರೆಗೆ ಅಚ್ಚೇ ಆಗಿರಲಿಲ್ಲ. ‘ಮ್ಯಾಕ್‌ಬೆತ್’ ಕೂಡ. ಆ ಸಂಪುಟ ಬರದೇ ಇದ್ದಿದ್ದರೆ ‘ಮ್ಯಾಕ್‌ಬೆತ್’ ನಮ್ಮ ಕೈಗೆ ಸಿಗುತ್ತಿತ್ತೋ ಇಲ್ಲವೋ.

ಇಸವಿಗಳೆಲ್ಲ ಬೇಡವೆಂದು ನಾನು ಹೇಳುತ್ತಿಲ್ಲ. ಕೆಲವು ಇಸವಿಗಳು ಕಾರಣ ಹೇಳುತ್ತವೆ, ಅವು ಬೇಕು. ‘ಡಾರ್ವಿನ್‌ನ ಸಿದ್ಧಾಂತದಿಂದ ಟೆನಿಸನ್‌ನ ನಂಬಿಕೆ ಅಲುಗಾಡಿತು, ಅದಕ್ಕೇ ಇನ್ ಮೆಮೋರಿಯಮ್ ಬರೆದ’ ಎಂಬ ವಾಕ್ಯವನ್ನು ನಾನು ಉತ್ತರಪತ್ರಿಕೆಗಳಲ್ಲಿ ಎಷ್ಟು ಸಲ ಓದಿದ್ದೇನೆ! ‘ಇನ್ ಮೆಮೋರಿಯಮ್’ ಕಾವ್ಯ ಪ್ರಕಟವಾದದ್ದು 1850ರಲ್ಲಿ. ಡಾರ್ವಿನ್‌ನ ‘ಜೀವಿಗಳ ಉಗಮ’ ಬಂದದ್ದು 1859ರಲ್ಲಿ. ಟೆನಿಸನ್ ಓದಿ ಕಂಗಾಲಾದದ್ದು ಚಾರ್ಲ್ಸ್ ಲಯೆಲ್‌ನ ಭೂವಿಜ್ಞಾನದ ಗ್ರಂಥವನ್ನು. ಬೆಟ್ಟಗಳೂ ಕರಗುತ್ತವೆ, ಜೀವಜಾತಿಗಳೂ ಅಳಿಯುತ್ತವೆ ಎಂಬ ಮಾತು 1830ರ ದಶಕದಲ್ಲೇ ಬಂದಿತ್ತು. ಎರಡು ಇಸವಿ ಪಕ್ಕಪಕ್ಕ ಬರೆದಿದ್ದರೆ ತಪ್ಪು ತಾನಾಗಿಯೇ ಕಾಣುತ್ತಿತ್ತು.

ಕನ್ನಡ ಮಾಧ್ಯಮದ ಸಂಕೋಚದ ಬಗ್ಗೆ. ಉಚ್ಚಾರಣೆ, ಮಾತಿನ ಸರಾಗ ಎರಡೂ ರೂಢಿಯಿಂದ ಬರುತ್ತವೆ, ದಿನಕ್ಕೆ ಅರ್ಧ ಗಂಟೆ ಗಟ್ಟಿಯಾಗಿ ಓದಿ. ಆದರೆ ನಿಮ್ಮ ಹತ್ತಿರ ಒಂದು ಆಸ್ತಿಯಿದೆ. ನೀವು ಪಂಪನ ನಾಲ್ಕು ಪದ್ಯವನ್ನಾದರೂ ಓದಿದ್ದೀರಿ. ‘ಇದು ನನ್ನದೇ ಭಾಷೆ, ಆದರೂ ತಿಳಿಯುತ್ತಿಲ್ಲ’ ಎಂಬ ಅನುಭವ ನಿಮಗೆ ಹೊಸದಲ್ಲ. ಪಂಪ ‘ವಿಕ್ರಮಾರ್ಜುನ ವಿಜಯ’ ಬರೆದದ್ದು 941ರ ಸುಮಾರಿಗೆ. ಹಳೆಯ ಇಂಗ್ಲಿಷಿನ ‘ಬೇವುಲ್ಫ್’ ಕಾವ್ಯದ ಒಂದೇ ಒಂದು ಹಸ್ತಪ್ರತಿ ಉಳಿದಿದೆ, ಅದು 1000ದ ಆಸುಪಾಸಿನದು. 1731ರ ಬೆಂಕಿಯಲ್ಲಿ ಅದರ ಅಂಚುಗಳು ಸುಟ್ಟವು, ಈಗಲೂ ಕೆಲವು ಪದಗಳ ತುದಿ ಇಲ್ಲ. ಇಂದಿನ ಇಂಗ್ಲಿಷರಿಗೆ ಆ ಭಾಷೆ ನಮಗೆ ಹಳಗನ್ನಡ ಇರುವುದಕ್ಕಿಂತಲೂ ದೂರ. ಹದಿನಾಲ್ಕನೆಯ ಶತಮಾನದ ಕವಿ ಚಾಸರ್ ಹಾಗಲ್ಲ, ಅವನು ಹೆಚ್ಚುಕಡಿಮೆ ನಮ್ಮ ನಡುಗನ್ನಡದವರ ಹಾಗೆ: ಕಣ್ಣಲ್ಲಿ ಓದಿದರೆ ಒಗಟು, ಬಾಯಲ್ಲಿ ಓದಿದರೆ ಬಿಟ್ಟುಕೊಡುತ್ತಾನೆ. 1066ರಲ್ಲಿ ಫ್ರಾನ್ಸಿನಿಂದ ಬಂದ ನಾರ್ಮನ್ನರು ಇಂಗ್ಲೆಂಡನ್ನು ಗೆದ್ದ ಮೇಲೆ ಕೋರ್ಟ್, ಜಡ್ಜ್, ಪಾರ್ಲಿಮೆಂಟ್ ಎಂಬ ಫ್ರೆಂಚ್ ಮೂಲದ ಪದಗಳು ಇಂಗ್ಲಿಷಿಗೆ ಏಕೆ ಬಂದವು ಎಂದು ತರಗತಿಯಲ್ಲಿ ಕೇಳಿದರೆ ನೀವೇ ಮೊದಲು ಕೈಯೆತ್ತಿ. ನಮ್ಮ ತಾಲ್ಲೂಕು ಕಚೇರಿಯಲ್ಲಿ ಆಳಿದವರ ಪಾರಸಿಯಿಂದ ಅರ್ಜಿ, ದಾಖಲೆ, ಜಮೀನು, ತಹಸೀಲ್ದಾರ್ ಹೇಗೆ ಬಂದು ಕುಳಿತವೋ ಹಾಗೆಯೇ.

ಪ್ರಶ್ನೆ: ರೊಮ್ಯಾಂಟಿಕ್ ಯುಗ ಒಂದು ಪುಸ್ತಕದಲ್ಲಿ 1798ಕ್ಕೆ, ಇನ್ನೊಂದರಲ್ಲಿ 1789ಕ್ಕೆ ಶುರುವಾಗುತ್ತದೆ. ಕಾದಂಬರಿಗಾರ್ತಿ ಜೇನ್ ಆಸ್ಟೆನ್ ಅದೇ ಕಾಲದವಳಾದರೂ ಆ ಯುಗದ ಯಾವ ಲಕ್ಷಣವೂ ಅವಳಲ್ಲಿ ಕಾಣುವುದಿಲ್ಲ. ಯಾವುದನ್ನು ನಂಬಬೇಕು?
– ಬಿ.ಎ. ವಿದ್ಯಾರ್ಥಿ, ಶಿವಮೊಗ್ಗ

ಉತ್ತರ: ನಿಮ್ಮ ಅನುಮಾನವನ್ನೇ ನಂಬಿ. 1789 ಫ್ರಾನ್ಸಿನ ಕ್ರಾಂತಿಯ ವರ್ಷ. 1798 ವರ್ಡ್ಸ್‌ವರ್ತ್ ಮತ್ತು ಕೋಲ್‌ರಿಜ್ ಹೆಸರು ಹಾಕದೆ ‘ಲಿರಿಕಲ್ ಬ್ಯಾಲಡ್ಸ್’ ಪ್ರಕಟಿಸಿದ ವರ್ಷ. ಯುಗವನ್ನು ರಾಜಕೀಯದಿಂದ ಎಣಿಸುವವರು ಮೊದಲನೆಯದನ್ನು ಹಿಡಿಯುತ್ತಾರೆ, ಕಾವ್ಯದಿಂದ ಎಣಿಸುವವರು ಎರಡನೆಯದನ್ನು. ಗಡಿ ಹಾಕಿದವರು ಹಿಂದಿರುಗಿ ನೋಡಿದವರು. ವರ್ಡ್ಸ್‌ವರ್ತ್ ತನ್ನನ್ನು ರೊಮ್ಯಾಂಟಿಕ್ ಕವಿ ಎಂದು ಕರೆದುಕೊಳ್ಳಲಿಲ್ಲ, ಆ ಹಣೆಪಟ್ಟಿ ಅಂಟಿದ್ದು ಅವನ ತಲೆಮಾರು ಮುಗಿದ ಮೇಲೆ.

ಆಸ್ಟೆನ್‌ಗಿಂತ ದೊಡ್ಡ ತೊಡಕು ಕವಿ ಹಾಪ್ಕಿನ್ಸ್. ಅವನು ತೀರಿಕೊಂಡದ್ದು 1889ರಲ್ಲಿ, ವಿಕ್ಟೋರಿಯಾ ರಾಣಿ ಇನ್ನೂ ಸಿಂಹಾಸನದಲ್ಲಿದ್ದಾಗ. ಕವಿತೆಗಳು ಪುಸ್ತಕವಾಗಿ ಬಂದದ್ದು 1918ರಲ್ಲಿ, ಗೆಳೆಯ ರಾಬರ್ಟ್ ಬ್ರಿಜಸ್ ಹೊರತಂದಾಗ. ಓದಿ ಬೆರಗಾದವರು ಆಧುನಿಕರು. ಬರೆದ ಕಾಲಕ್ಕೆ ಸೇರಿಸುತ್ತೀರೋ, ಓದಿಸಿಕೊಂಡ ಕಾಲಕ್ಕೋ? ಎರಡಕ್ಕೂ ನ್ಯಾಯವಿದೆ. ಪರೀಕ್ಷೆಯಲ್ಲಿ ‘ಯುಗದ ಲಕ್ಷಣಗಳನ್ನು ವಿವರಿಸಿ’ ಎಂದು ಬಂದಾಗ ಲಕ್ಷಣಗಳನ್ನು ಬರೆಯಿರಿ, ಕೊನೆಯ ಪ್ಯಾರಾದಲ್ಲಿ ಆಸ್ಟೆನ್‌ಳನ್ನೋ ಹಾಪ್ಕಿನ್ಸ್‌ನನ್ನೋ ತಂದು ಈ ವಿಂಗಡಣೆ ಎಲ್ಲಿ ಸೋಲುತ್ತದೆ ಎಂದು ತೋರಿಸಿ. ಮೌಲ್ಯಮಾಪನಕ್ಕೆ ಕುಳಿತಾಗ ಅಂಥ ಒಂದು ಪ್ಯಾರಾ ಸಿಕ್ಕರೆ ನನಗೆ ಆ ದಿನದ ದಣಿವೇ ಇಳಿದುಹೋಗುತ್ತದೆ.

ಪ್ರಶ್ನೆ: ನನ್ನ ಮಗ ಎಂ.ಎ. ಇಂಗ್ಲಿಷ್ ಸೇರುತ್ತೇನೆ ಎನ್ನುತ್ತಾನೆ. ಇಂಗ್ಲಿಷ್ ಕಲಿಯಲಿ, ಕೆಲಸಕ್ಕೆ ಬೇಕು. ಆದರೆ ಅವರ ಸಾವಿರ ವರ್ಷದ ಕವಿಗಳ ಚರಿತ್ರೆ ನಮ್ಮ ಹುಡುಗರಿಗೆ ಏಕೆ? ಆಳಿದವರು ಬಿಟ್ಟುಹೋದ ಹೊರೆಯಲ್ಲವೇ?
– ನಿವೃತ್ತ ಶಿಕ್ಷಕರು, ವಿಜಯಪುರ

ಉತ್ತರ: ಗುರುಗಳೇ, ನಿಮ್ಮ ಪ್ರಶ್ನೆಯಲ್ಲಿ ಸತ್ಯವಿದೆ. ಅದನ್ನು ಮುಚ್ಚಿಟ್ಟು ಈ ವಿಷಯವನ್ನು ಕಲಿಸಬಾರದು. 1835ರ ಫೆಬ್ರವರಿಯಲ್ಲಿ ಮೆಕಾಲೆ ತನ್ನ ಟಿಪ್ಪಣಿಯಲ್ಲಿ ನಮ್ಮ ಸಾಹಿತ್ಯವನ್ನೆಲ್ಲ ತಳ್ಳಿಹಾಕಿ ಇಂಗ್ಲಿಷ್ ಶಿಕ್ಷಣಕ್ಕೆ ದಾರಿ ಮಾಡಿದ. ಆಗ ಆಕ್ಸ್‌ಫರ್ಡ್‌, ಕೇಂಬ್ರಿಜ್‌ಗಳಲ್ಲಿ ವಿದ್ಯೆ ಎಂದರೆ ಗ್ರೀಕ್ ಮತ್ತು ಲ್ಯಾಟಿನ್. ಇಂಗ್ಲಿಷ್ ಕಾವ್ಯವನ್ನು ಮನೆಯಲ್ಲಿ ಓದಿಕೊಳ್ಳಬೇಕಿತ್ತು. ಲಂಡನ್ನಿನ ಹೊಸ ವಿಶ್ವವಿದ್ಯಾಲಯ 1828ರಲ್ಲಿ ಇಂಗ್ಲಿಷಿಗೊಬ್ಬ ಪ್ರಾಧ್ಯಾಪಕನನ್ನು ನೇಮಿಸಿತ್ತು. ಆದರೆ ಆಕ್ಸ್‌ಫರ್ಡ್‌ನಲ್ಲಿ ಇಂಗ್ಲಿಷ್ ಪೂರ್ಣ ಪದವಿಯ ವಿಷಯವಾದದ್ದು 1894ರಲ್ಲಿ, ಕೇಂಬ್ರಿಜ್‌ನಲ್ಲಿ 1917ರಲ್ಲಿ. ಅಷ್ಟು ಹೊತ್ತಿಗೆ ಕಲ್ಕತ್ತೆ, ಮುಂಬಯಿ, ಮದರಾಸಿನ ಹುಡುಗರು ದಶಕಗಳಿಂದ ಶೇಕ್ಸ್‌ಪಿಯರ್, ಮಿಲ್ಟನ್ ಓದಿ ಪರೀಕ್ಷೆ ಬರೆಯುತ್ತಿದ್ದರು. ಆಳಲು ಸಾಹಿತ್ಯವನ್ನು ಸಾಧನ ಮಾಡಿಕೊಂಡ ಈ ಕಥೆಯನ್ನು ಗೌರಿ ವಿಶ್ವನಾಥನ್ 1989ರಲ್ಲಿ ತಮ್ಮ ಪುಸ್ತಕದಲ್ಲಿ ವಿಸ್ತಾರವಾಗಿ ಬರೆದರು. ಇಂದು ಅನೇಕ ಎಂ.ಎ. ತರಗತಿಗಳಲ್ಲಿ ಅದೂ ಪಾಠವೇ. ನಿಮ್ಮ ಮಗ ಈ ಪತ್ರಿಕೆ ಓದಿದರೆ ನಿಮ್ಮ ಪ್ರಶ್ನೆಗೆ ಪುರಾವೆ ಸಮೇತ ಉತ್ತರ ಕೊಡಬಲ್ಲ.

ಆದರೆ ಹೊರೆಯೆಂದು ಬಂದದ್ದನ್ನು ನಮ್ಮವರು ಬಿತ್ತನೆಬೀಜ ಮಾಡಿಕೊಂಡರು. ಬಿ.ಎಂ.ಶ್ರೀ ಮೈಸೂರಿನಲ್ಲಿ ಪಾಠ ಮಾಡುತ್ತಿದ್ದದ್ದು ಇಂಗ್ಲಿಷನ್ನೇ. ಆ ಪಾಠದ ಕೋಣೆಯಿಂದ ಹೊರಬಂದ ಗೀತೆಗಳು ಹೊಸಗನ್ನಡ ಕಾವ್ಯದ ಲಯವನ್ನೇ ಬದಲಿಸಿದವು. 1833ರ ಜೂನ್‌ನಲ್ಲಿ, ಕಾಯಿಲೆಯಿಂದ ಎದ್ದ ಯುವ ಪಾದ್ರಿ ನ್ಯೂಮನ್ ಕಿತ್ತಳೆ ಸಾಗಿಸುವ ಹಡಗು ಹತ್ತಿ ಮನೆಗೆ ಹೊರಟಿದ್ದ. ಗಾಳಿಯಿಲ್ಲದೆ ಹಡಗು ಕಾರ್ಸಿಕಾ, ಸಾರ್ಡಿನಿಯಾ ದ್ವೀಪಗಳ ನಡುವೆ ನಿಂತುಬಿಟ್ಟಿತು. ಅಲ್ಲಿ ಅವನು ಬರೆದ ಪ್ರಾರ್ಥನೆಯೇ ಶ್ರೀಯವರ ಕನ್ನಡದಲ್ಲಿ ನಮ್ಮ ‘ಕರುಣಾಳು ಬಾ ಬೆಳಕೆ’. ನಿಮ್ಮ ಶಾಲೆಯ ಪ್ರಾರ್ಥನೆಯಲ್ಲೂ ಅದು ಇದ್ದಿರಬಹುದು. ಹಾಗಿದ್ದರೆ ಹತ್ತೊಂಬತ್ತನೆಯ ಶತಮಾನದ ಇಂಗ್ಲೆಂಡಿನ ಧರ್ಮಸಂಕಟದ ಒಂದು ಪುಟವನ್ನು ನೀವು ವರ್ಷಾನುಗಟ್ಟಲೆ ಮಕ್ಕಳಿಂದ ಹಾಡಿಸಿದ್ದೀರಿ. ಕುವೆಂಪು ಹ್ಯಾಮ್ಲೆಟ್‌ನ ಕಥೆಯನ್ನು ಬಿದನೂರಿಗೆ ತಂದು ‘ರಕ್ತಾಕ್ಷಿ’ ಬರೆದರು. ಹೊಸಗನ್ನಡದ ಚರಿತ್ರೆಯನ್ನು ಬರೆಯುವವರಿಗೆ ಇಂಗ್ಲಿಷಿನ ಚರಿತ್ರೆ ಬೇಕೇ ಬೇಕು.

ಕೆಲಸದ ಮಾತು ನೇರವಾಗಿ ಹೇಳುತ್ತೇನೆ. ಕಾಲೇಜಿನ ಕಾಯಂ ಹುದ್ದೆಗಳು ಕಡಿಮೆ, ಕಾಯುವ ವರ್ಷಗಳು ಹೆಚ್ಚು. ಅತಿಥಿ ಉಪನ್ಯಾಸಕರ ಪಾಡು ನಿಮಗೆ ಗೊತ್ತೇ ಇದೆ. ಶಾಲೆ, ಅನುವಾದ, ಪ್ರಕಾಶನ, ಪತ್ರಿಕೆ, ಬರವಣಿಗೆಯ ಕೆಲಸಗಳೂ ಇವೆ. ಮಗನಿಗೆ ಓದುವ ಹಸಿವಿದ್ದರೆ ಕಳುಹಿಸಿ. ಬರೀ ಇಂಗ್ಲಿಷ್ ಮಾತಾಡುವುದು ಬರಲಿ ಎಂಬ ಆಸೆಯಾದರೆ ಅದಕ್ಕೆ ಎರಡು ವರ್ಷದ ಎಂ.ಎ. ಬೇಕಿಲ್ಲ.

ಪ್ರಶ್ನೆ: ಕಾಲೇಜು ಅಧ್ಯಾಪಕರ ಅರ್ಹತೆಯ ನೆಟ್ ಪರೀಕ್ಷೆಗೆ ಸಾಹಿತ್ಯ ಚರಿತ್ರೆಯನ್ನು ಹೇಗೆ ತಯಾರು ಮಾಡಬೇಕು?
– ಎಂ.ಎ. ಮುಗಿಸಿದವರು, ಮಂಡ್ಯ

ಉತ್ತರ: ಎರಡನೆಯ ಪತ್ರಿಕೆಯ ನೂರು ಪ್ರಶ್ನೆಗಳಲ್ಲಿ ಕಾಲಾನುಕ್ರಮ ಮತ್ತು ಹೊಂದಿಸಿ ಬರೆಯುವ ಮಾದರಿ ಇದ್ದೇ ಇರುತ್ತದೆ. ಇಲ್ಲಿ ಇಸವಿ ಬೇಕು, ನಿಜ. ಆದರೆ ಸಾವಿರ ಇಸವಿ ಬೇಡ. ಗೂಟ ಹೊಡೆದ ಹಾಗೆ ಹದಿನೈದು ಇಪ್ಪತ್ತನ್ನು ಗಟ್ಟಿ ಮಾಡಿಕೊಳ್ಳಿ: ಕ್ಯಾಕ್ಸ್‌ಟನ್ನನ ಅಚ್ಚುಕೂಟ 1476, ರಂಗಮಂದಿರಗಳು ಮುಚ್ಚಿದ್ದು 1642, ತೆರೆದದ್ದು 1660, ಮಿಲ್ಟನ್ನನ ಮಹಾಕಾವ್ಯ 1667, ಹೀಗೆ. ಉಳಿದವನ್ನು ಇವುಗಳ ಹಿಂದೆ ಮುಂದೆ ಕಟ್ಟಿ. ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲ, ಯಾವ ಪ್ರಶ್ನೆಯನ್ನೂ ಬಿಟ್ಟುಬರಬೇಡಿ. ಹಳೆಯ ಪತ್ರಿಕೆಗಳನ್ನು ಬಿಡಿಸುವಾಗ ನಾಲ್ಕು ಆಯ್ಕೆಗಳಲ್ಲಿ ನಿಮಗೆ ಗೊತ್ತಿಲ್ಲದ ಹೆಸರು ಕಂಡರೆ ಅಲ್ಲೇ ನಿಲ್ಲಿ, ಆ ಲೇಖಕರ ಎರಡು ಪುಟವನ್ನಾದರೂ ಓದಿ ಮುಂದೆ ಹೋಗಿ. ಹಕ್ಕುಸ್ವಾಮ್ಯ ಮುಗಿದ ಅನೇಕ ಕೃತಿಗಳು ಪ್ರಾಜೆಕ್ಟ್ ಗುಟೆನ್‌ಬರ್ಗ್ ತಾಣದಲ್ಲಿ ಉಚಿತವಾಗಿ ಸಿಗುತ್ತವೆ, ಮೊಬೈಲಿನಲ್ಲೇ ಓದಬಹುದು. ನ್ಯಾಶ್ ಕೂಡ ಅಲ್ಲಿದ್ದಾನೆ.